ಹತ್ತರ ಟೈರು

ನನ್ನ ಮೊಮ್ಮಗಳು ಸುಮಾ ಇವತ್ತು ಬೆಳಿಗ್ಗೆ ಎರಡು ಹೊಸ ಟೈರುಗಳನ್ನು ಗಾಡಿಯಿಂದ ಇಳಿಸಿ, ಉರುಳಿಸಿಕೊಂಡು ಬಂದು ನಮ್ಮ ಜಗಲಿಗೆ ಒರಗಿಸಿದಳು. ಒಂದೊಂದೂ ನನ್ನ ಎದೆಮಟ್ಟ. "ಅಜ್ಜೀ, ಕುಂಕುಮ ಹಚ್ಚು ಬಾ. ನೀನು ಹಚ್ಚದೆ ನಾನು ಟ್ರಾಕ್ಟರಿಗೆ ಏರಿಸಲ್ಲ" ಎಂದಳು. ಹಚ್ಚಿದೆ. ಕೈ ಒರೆಸಿಕೊಳ್ಳುವುದನ್ನೂ ಮರೆತು ಅವಳ ಕೆನ್ನೆ ಹಿಂಡಿದೆ, ಅದೂ ಕೆಂಪಾಯಿತು. ಟ್ರಾಕ್ಟರು ಅವಳದೇ, ಓಡಿಸುವವಳೂ ಅವಳೇ. ಸುತ್ತಲಿನ ಊರಿನ ಗಂಡಸರು ಫೋನ್ ಮಾಡಿ "ಅಕ್ಕಾರೆ, ನಮ್ಮ ಹೊಲಕ್ಕೆ ಯಾವಾಗ ಬರ್ತೀರಿ?" ಎಂದು ಕೇಳುತ್ತಾರೆ. ಅದು ಕಿವಿಗೆ ಬಿದ್ದಾಗಲೆಲ್ಲ ನಾನು ಅಡಿಗೆಮನೆಗೆ ಹೋಗಿ ಒಬ್ಬಳೇ ನಕ್ಕು ಬರುತ್ತೇನೆ. ಈ ವಯಸ್ಸಿಗೆ ಇಷ್ಟು ಸಂತೋಷ ಮೈಗೆ ಒಳ್ಳೆಯದಲ್ಲವೇನೋ. ಆದರೆ ಬಾಗಿಲಿಗೆ ಬಂದದ್ದನ್ನು ಬೇಡ ಎನ್ನಲು ನಾನು ಯಾರು?

ಕುಂಕುಮ ಹಚ್ಚಲು ಬಗ್ಗಿದಾಗ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಬಿಸಿ ಬಿಸಿ, ಸ್ವಲ್ಪ ಕಹಿ, ಗಂಟಲಿನಲ್ಲಿ ಕೂರುವ ವಾಸನೆ. ಎದುರಿಗೆ ಸುಮಾ ನಗುತ್ತಿದ್ದಳು, ನಾನೂ ನಗುತ್ತಿದ್ದೆ, ಆದರೆ ಕಾಲು ಮಾತ್ರ ಶಿವಮೊಗ್ಗದ ಒಂದು ಅಂಗಡಿಯ ಸಿಮೆಂಟಿನ ನೆಲದ ಮೇಲೆ ನಿಂತಿತ್ತು. ಇಷ್ಟೆಲ್ಲ ಸಂತೋಷ ತಡೆಯಲಾರದ ಇದೇ ಎದೆ ಒಮ್ಮೆ ಅರ್ಧ ವರ್ಷ ಮರದ ಹಲಗೆಯ ಹಾಗೆ ಇತ್ತು. ಆ ವರ್ಷದ ಕತೆಯನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಇವತ್ತು ಮನಸ್ಸು ತುಂಬಿದೆ, ಬರೆದುಬಿಡುತ್ತೇನೆ. ಮೂರನೇ ಕ್ಲಾಸಿನ ಅಕ್ಷರ, ಹೊಂದಿಸಿಕೊಂಡು ಓದಿ.

ಅದು ಐವತ್ತೇಳೋ ಐವತ್ತೆಂಟೋ ಇಸವಿ. ನನ್ನ ತವರು ಬಳ್ಳಿಗಾವಿಯ ಕಡೆ, ಕೊಟ್ಟ ಮನೆ ಕುಬಟೂರಿನ ಹತ್ತಿರದ ಒಂದು ಸಣ್ಣ ಊರು. ಆ ವರ್ಷ ಮಾಘದಲ್ಲಿ ನನ್ನ ಮೊದಲ ಮಗು ಹೋಯಿತು. ಹೆಣ್ಣು ಮಗು, ನೀಲಾ ಎಂದು ಹೆಸರು. ಕೂರಲು ಕಲಿತಿದ್ದಳು, ತೆವಳಲು ಇನ್ನೂ ಬರುತ್ತಿರಲಿಲ್ಲ. ಜ್ವರ ಬಂತು. ಗಾಡಿ ಕಟ್ಟಿ ಪೇಟೆಗೆ ಹೊರಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮ ಕಡೆ ಆಗ ಹಾಲುಗೂಸುಗಳಿಗೆ ಕಲ್ಲು ನೆಡುತ್ತಿರಲಿಲ್ಲ, ಗುರುತು ಇಡುತ್ತಿರಲಿಲ್ಲ. ಗಂಡಸರು ಹೊಲದಂಚಿಗೋ ಬೀಳಿಗೋ ಒಯ್ದು ಮಣ್ಣು ಮಾಡಿ ಬರುತ್ತಿದ್ದರು. ತಾಯಿಗೆ ಜಾಗ ತೋರಿಸುತ್ತಿರಲಿಲ್ಲ, ತಾಯಿ ಕೇಳಲೂಬಾರದು. ಮುಂದಿನ ಉಳುಮೆಯಲ್ಲಿ ಆ ಜಾಗ ಹೊಲದೊಳಗೆ ಸೇರಿಹೋದರೆ ತಾಯಿ ಮರೆಯುತ್ತಾಳೆ, ಮುಂದಿನ ಮಗು ಉಳಿಯುತ್ತದೆ ಎಂದು ನಂಬಿಕೆ. ನಾನೂ ಕೇಳಲಿಲ್ಲ. ಆದರೆ ಆವತ್ತು ಸಂಜೆ ನಮ್ಮ ಮನೆಯವರು ವಾಪಸು ಬಂದಾಗ ಅವರ ಧೋತರಕ್ಕೆ ಲಕ್ಕಿ ಗಿಡದ ಎಲೆ ಅಂಟಿಕೊಂಡಿತ್ತು. ನಮ್ಮ ಜಮೀನಿನಲ್ಲಿ ಲಕ್ಕಿ ಗಿಡ ಇದ್ದದ್ದು ಒಂದೇ ಕಡೆ. ಊರ ಹಿಂದಿನ ಬೀಳಿನ ಮೂಲೆಯಲ್ಲಿ. ಎಷ್ಟೋ ವರ್ಷದಿಂದ ನೇಗಿಲು ಕಾಣದ, ಗರಿಕೆ ಬೇರು ಹೆಣೆದುಕೊಂಡ ಗಟ್ಟಿ ನೆಲ ಅದು. ಎಲೆಯನ್ನು ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

ಅತ್ತೆ ಮಲ್ಲಿಗೆ ಎಲೆ ಅರೆದು ನನ್ನ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರು. ಹಾಲು ಬತ್ತಿತು. ಹಾಲಿನ ಜೊತೆ ಬೇರೆ ಏನೇನು ಬತ್ತಿತೋ ಗೊತ್ತಿಲ್ಲ, ನನಗೆ ಅಳು ಬರಲಿಲ್ಲ. ರೊಟ್ಟಿ ತಟ್ಟುತ್ತಿದ್ದೆ, ನೀರು ತರುತ್ತಿದ್ದೆ, ಕರೆದರೆ ಓಗೊಡುತ್ತಿದ್ದೆ. ಬಿಸಿ ಕಾವಲಿ ಕೈಗೆ ತಾಗಿದರೆ ಸುಟ್ಟಿತು ಎಂದು ತಿಳಿಯುತ್ತಿದ್ದದ್ದು ಬೊಬ್ಬೆ ಎದ್ದ ಮೇಲೆ. ಬಂದ ಹೆಂಗಸರು ಅತ್ತೆಯ ಕಿವಿಯಲ್ಲಿ, "ಅಕಿ ಒಂದ್ಸಲ ಅತ್ತುಬಿಟ್ರೆ ಚಲೋ ಇತ್ತು ನೋಡ್ರಿ" ಎನ್ನುತ್ತಿದ್ದರು. ನನಗೂ ಕೇಳಿಸುತ್ತಿತ್ತು, ಯಾರದೋ ಮನೆಯ ಸುದ್ದಿಯಂತೆ.

ಯುಗಾದಿಯ ಹೊತ್ತಿಗೆ ದೊಡ್ಡಮಾವ ಒಂದು ಹಳೆಯ ಟ್ರಾಕ್ಟರು ತಂದರು. ದೊಡ್ಡಮಾವ ಎಂದರೆ ನನ್ನ ಮಾವನ ಅಣ್ಣ. ಮಾವ ತೀರಿದ ಮೇಲೆ ಮನೆಗೆ ಅವರೇ ಯಜಮಾನರು. ಘಟ್ಟದ ಕಾಫಿ ತೋಟದವರೊಬ್ಬರು ಬೇಡವೆಂದು ಬಿಟ್ಟ ಟ್ರಾಕ್ಟರು. ಇಂಜಿನ್ನು ಗಟ್ಟಿಯಿತ್ತು, ಆದರೆ ಹಿಂದಿನ ಎರಡೂ ಟೈರು ಬೋಳು. ನಮ್ಮ ಸುತ್ತಿನಲ್ಲಿ ಅದೇ ಮೊದಲನೆಯದು. ಜನ ನೋಡಲು ಬಂದು ಮುಟ್ಟಿ ಹೋಗುತ್ತಿದ್ದರು. ಟೈರು ಹೊಸದು ಹಾಕಿಸಬೇಕು, ಯಾವ ಅಳತೆಯದು ಎಂದು ಅಂಗಳದಲ್ಲಿ ಜಗಳ ಶುರುವಾಯಿತು. ಎರಡು ಅಳತೆ ಸಿಗುತ್ತದೆ ಎಂದು ಟ್ರಾಕ್ಟರು ತಂದುಕೊಟ್ಟ ಡ್ರೈವರು ಹೇಳಿ ಹೋಗಿದ್ದ. ಒಂದು ಹತ್ತು ಇಂಚು ಅಗಲದ್ದು, ಇನ್ನೊಂದು ಹದಿಮೂರು.

"ಹದಿಮೂರರದ್ದೇ ಬರ್ಲಿ" ಎಂದರು ದೊಡ್ಡಮಾವ. "ಟ್ರಾಕ್ಟರು ತಂದಿದ್ದು ಯಾತಕ್ಕ? ಬೀಳು ಒಡೆಯಾಕ. ಗಟ್ಟಿ ನೆಲ ಒಡೀಬೇಕು ಅಂದ್ರ ಗಾಲಿ ಭೂಮೀನ ಅಪ್ಪಿ ಹಿಡೀಬೇಕು. ಸಣ್ಣ ಗಾಲಿ ತಂದ್ರ ನಿಂತಲ್ಲೇ ಗಿರಗಿಟ್ಲೆ ಆಡ್ತತಿ."

ಅತ್ತೆ ಒಳಗಿನಿಂದಲೇ ಕೂಗಿದರು: "ಬೀಳು ಒಂದ್ಸಲ ಒಡೆದ್ರ ಮುಗೀತು ಭಾವನೋರೆ. ಕೂರಿಗಿ ಭತ್ತದ ಕಳೆ ವರ್ಷಾ ವರ್ಷಾ ತೆಗೀಬೇಕು. ಅಷ್ಟು ದಪ್ಪನ ಗಾಲಿ ಸಾಲಿನಾಗ ಇಳಿಸಿದ್ರ ಭತ್ತ ಎಲ್ಲಿ ಉಳೀತತಿ, ನಿಮ್ಮ ರುಮಾಲಿನ ಮ್ಯಾಲಾ?"

ನಮ್ಮಲ್ಲಿ ಭತ್ತವನ್ನು ಸಸಿ ಮಾಡಿ ನಾಟಿ ಹಾಕುತ್ತಿರಲಿಲ್ಲ. ಮುಂಗಾರಿಗೆ ಮೊದಲೇ ಒಣ ಹೊಲದಲ್ಲಿ, ಜೋಳ ಬಿತ್ತುವ ಹಾಗೆ, ಕೂರಿಗೆಯಿಂದ ಸಾಲು ಬಿತ್ತುತ್ತಿದ್ದೆವು. ಎತ್ತು ಎಳೆಯುವ ಆರು ಕಾಲಿನ ಮರದ ಕೂರಿಗೆ, ಒಂದೊಂದು ಕಾಲಿಗೂ ಒಂದೊಂದು ಕೊಳವೆ, ಮೇಲೆ ಬಟ್ಟಲು. ಬಟ್ಟಲಿಗೆ ಬೀಜ ಬಿಡುವ ಕೆಲಸ ಹೆಂಗಸರದು. ಸಾಲಿನಿಂದ ಸಾಲಿಗೆ ಒಂದು ಗೇಣು. ಆ ಗೇಣಿನ ನಡುವೆ ಮಳೆಗಾಲವಿಡೀ ಕಳೆಯ ಜೊತೆ ಜಗಳ.

ಯಾರೂ ಬೀಳಿನ ಮೂಲೆಯ ಮಾತು ಎತ್ತಲಿಲ್ಲ. ದೊಡ್ಡಮಾವ ಮಾತ್ರ ನಾನು ಮಜ್ಜಿಗೆ ಕೊಟ್ಟಾಗ ಲೋಟ ಕೈಯಲ್ಲಿ ಹಿಡಿದು ಹೇಳಿದರು: "ಗಿರಿಜವ್ವಾ, ಭೂಮಿ ಅಂದ್ರ ಭೂಮಿ. ನನ್ನ ಮೂರು ಮಕ್ಕಳ ಮ್ಯಾಲೆ ನಾನೇ ನೇಗಿಲು ಹೊಡದು ಜೋಳ ಬೆಳದೀನಿ. ಉಂಡೀನಿ. ಏನೂ ಆಗ್ಲಿಲ್ಲ."

"ಹೂಂ ಮಾವ" ಎಂದೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹದಿಮೂರರ ಟೈರು ಬಂದರೆ ಬೀಳು ಒಡೆಯುತ್ತದೆ, ಹತ್ತರದು ಬಂದರೆ ಬಹುಶಃ ಒಡೆಯುವುದಿಲ್ಲ. ಇಷ್ಟು ನನಗೆ ಅರ್ಥವಾಗಿತ್ತು. ಒಡೆಯಬಾರದು ಎಂದು ಎಲ್ಲೋ ಬಹಳ ಕೆಳಗೆ, ಬಾವಿಯ ತಳದಲ್ಲಿ ಬಿದ್ದ ಕೊಡದ ಹಾಗೆ, ಒಂದು ಆಸೆ ಇತ್ತು. ಎತ್ತಲು ಹಗ್ಗ ಇರಲಿಲ್ಲ.

ಶಿವಮೊಗ್ಗಕ್ಕೆ ನನ್ನನ್ನೂ ಕರೆದುಕೊಂಡು ಹೋಗು ಎಂದು ಅತ್ತೆ ಮಗನಿಗೆ ಹೇಳಿದರು. ಸ್ವಲ್ಪ ಗಾಳಿ ಬದಲಾದರೆ ಮನಸ್ಸೂ ಮಗ್ಗುಲು ಬದಲಾಯಿಸೀತು ಎಂದು ಅವರ ಲೆಕ್ಕ. ಜೊತೆಗೆ ಕೂರಿಗೆಯನ್ನೂ ಕಳಿಸಿದರು. "ಬಾಯಾಗ ಅಳತೆ ಹೇಳಿದ್ರ ಅಂಗಡಿಯವ್ರು ತಮಗೆ ಬೇಕಾದಂಗ ತಿರುಗಿಸ್ತಾರ. ಕೂರಿಗಿ ಮುಂದಿಟ್ಟು ನೋಡ್ರಿ, ಗಾಲಿ ಸಾಲಿನಾಗ ಹಿಡಿತತೋ ಇಲ್ಲೋ." ಬಟ್ಟಲು ಬಿಚ್ಚಿಟ್ಟು, ಆರು ಕಾಲಿನ ದಿಂಡನ್ನು ಮಾತ್ರ ಹಗ್ಗ ಕಟ್ಟಿ ಬಸ್ಸಿಗೆ ಹತ್ತಿಸಿದೆವು. ಶಿಕಾರಿಪುರದಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಅದನ್ನು ಸುತ್ತ ಹಾಕಿ ನೋಡಿ, "ಇದಕ್ಕ ಅರ್ಧ ಟಿಕೆಟೋ ಪೂರ್ತಿನೋ ಗೌಡ್ರೆ? ಆರು ಕಾಲದಾವಲ್ಲ, ನಿಮ್ಮಿಬ್ಬರಿಗಿಂತ ಎರಡು ಜಾಸ್ತಿ" ಎಂದ. ಬಸ್ಸೆಲ್ಲ ನಕ್ಕಿತು. ನಮ್ಮ ಮನೆಯವರೂ ನಕ್ಕು, ನಾನು ನಕ್ಕೆನೋ ಎಂದು ತಿರುಗಿ ನೋಡಿದರು. ನಾನು ಕಿಟಕಿಯ ಸರಳು ಹಿಡಿದು ಕೂತಿದ್ದೆ. ಹೊರಗೆ ಬಿಸಿಲಿಗೆ ಹೊಲಗಳು ಬೆಳ್ಳಗೆ ಬಿರುಕು ಬಿಟ್ಟಿದ್ದವು.

ಅಂಗಡಿಯಲ್ಲಿ ಟೈರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಒಳಗೆ ಕಾಲಿಡುತ್ತಲೇ ಆ ವಾಸನೆ. ಅಂಗಡಿಯವರು ವಯಸ್ಸಾದವರು, ತಾಳ್ಮೆಯವರು. ಕೂರಿಗೆ ನೋಡಿ ನಗಲಿಲ್ಲ. ನೆಲದ ಮೇಲೆ ಮಲಗಿಸಿ ಕಾಲುಗಳ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆದರು.

"ಒಂದು ಗೇಣಿನಲ್ಲಿ ಯಾವ ಗಾಲಿಯೂ ಹೋಗಲ್ಲ ರೀ" ಎಂದರು. "ಬಿತ್ತುವಾಗಲೇ ಗಾಲಿ ಬರೋ ಕಡೆ ಒಂದು ಸಾಲು ಖಾಲಿ ಬಿಡಬೇಕು. ಆಗ ಎರಡು ಗೇಣು ಜಾಗ ಸಿಗ್ತದೆ." ಹತ್ತರ ಟೈರು ತಂದು ಎರಡು ಗೆರೆಗಳ ನಡುವೆ ನಿಲ್ಲಿಸಿದರು. ಎರಡು ಬದಿಗೂ ಒಂದೊಂದು ಅಂಗೈ ಅಗಲ ಉಳಿಯಿತು. ಆಮೇಲೆ ಹದಿಮೂರರದನ್ನು ನಿಲ್ಲಿಸಿದರು. ಬದಿಗೆ ಉಳಿದದ್ದು ಬರೀ ಮೂರು ಬೆರಳು. "ಮೆತ್ತಗಿನ ಮಣ್ಣಲ್ಲಿ ಗಾಲಿ ಅತ್ತಿತ್ತ ಆಡ್ತದೆ, ಮೂರು ಬೆರಳು ಸಾಲೋದಿಲ್ಲ. ಆದ್ರೆ ಉಳುಮೆ ಕೇಳಿದ್ರೆ ಇದೇ ಸರದಾರ. ನೆಲಕ್ಕೆ ಜಾಸ್ತಿ ತಾಗ್ತದೆ, ಭಾರ ಹರಡ್ತದೆ, ಜಾರೋದಿಲ್ಲ. ಅಗಲದ ರಿಮ್ಮು ಬೇಕಾಗ್ತದೆ, ಅದನ್ನೂ ಕೊಡ್ತೀನಿ. ಎರಡು ಕೆಲಸಕ್ಕೂ ಒಂದೇ ಟೈರು ಕೇಳಬೇಡಿ, ಅದು ಇಲ್ಲ. ನಿಮಗೆ ಯಾವ ಕೆಲಸ ಜಾಸ್ತಿ, ಅದನ್ನ ಹೇಳಿ."

ನಮ್ಮ ಮನೆಯವರು ಎರಡು ಟೈರಿನ ನಡುವೆ ನಿಂತರು. ದೊಡ್ಡಪ್ಪನ ಮಾತು ಮೀರಿ ಅವರು ಅಲ್ಲಿಯತನಕ ಒಂದು ಎಮ್ಮೆಕರುವನ್ನೂ ಕೊಂಡವರಲ್ಲ. ಹದಿಮೂರರ ಮೇಲೆ ಕೈಯಿಟ್ಟರು, ತೆಗೆದರು. ಕೊನೆಗೆ, ಖಾಲಿ ಪೆಟ್ಟಿಗೆಯ ಮೇಲೆ ಕೂತಿದ್ದ ನನ್ನ ಕಡೆ ತಿರುಗಿ, ಸೀರೆ ಅಂಗಡಿಯಲ್ಲಿ ಕೇಳುವ ಹಾಗೆ ಕೇಳಿದರು: "ನಿನಗೆ ಯಾವುದು ಮನಸ್ಸಿಗೆ ಬರ್ತತಿ?"

ನನ್ನ ಗಂಡ ನನ್ನನ್ನು ಏನು ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. "ಯಾವುದಾದ್ರೂ ಆಗ್ತತಿ" ಎಂದಿತು ಬಾಯಿ.

ಅವರು ಹದಿಮೂರರ ಟೈರಿಗೆ ಬೆನ್ನು ಮಾಡಿ ನಿಂತರು. ಆಮೇಲೆ ಅಂಗಡಿಯವರಿಗೆ, "ನಮಗೆ ಸಾಲಿನ ಕೆಲಸಾನೇ ಜಾಸ್ತಿ ರೀ. ಹತ್ತರದ್ದು ಕೊಡ್ರಿ" ಎಂದರು.

ಊರಿಗೆ ಬಂದ ಟೈರು ನೋಡಿ ದೊಡ್ಡಮಾವ ಜಗಲಿಯಿಂದ ಎದ್ದು ಒಳಗೆ ಹೋದರು. ಎಷ್ಟೋ ದಿನ ತಮ್ಮನ ಮಗನ ಜೊತೆ ಮಾತು ಬಿಟ್ಟರು. ಬಂದವರಿಗೆ ಮಾತ್ರ, "ನಮ್ಮ ಹುಡುಗ ಆನೆ ಮೈಗೆ ಆಡಿನ ಕಾಲು ಹಚ್ಚಿಸ್ಕೊಂಡು ಬಂದಾನ, ನೋಡಿ ಹೋಗ್ರಿ" ಎನ್ನುತ್ತಿದ್ದರು.

ವೈಶಾಖದಲ್ಲಿ ಒಂದು ಹದ ಮಳೆಯಾಯಿತು. ಬಿತ್ತನೆಗೆ ಅತ್ತೆ ನನ್ನನ್ನು ಕರೆದರು. "ಕೂತ್ರ ಕೂತೇ ಇರ್ತಿ. ಬಾ, ಬಟ್ಟಲಕ್ಕ ಬೀಜ ಬಿಡು." ಎತ್ತು ಮುಂದೆ, ಕೂರಿಗೆ ನಡುವೆ, ಅದರ ಹಿಂದೆ ನಾನು. ಮುಷ್ಟಿಯಿಂದ ಭತ್ತ ಒಂದೇ ಸಮನೆ ಜಾರಬೇಕು, ಹೆಚ್ಚೂ ಆಗಬಾರದು, ತಪ್ಪಲೂಬಾರದು. ಗಾಲಿ ಬರುವ ಸಾಲು ಬಂದಾಗ ಆ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಆ ಕಡೆಯ ತುದಿಯತನಕ ಹಿಡಿದೇ ನಡೆಯಬೇಕು. ನಾನು ನಡೆದೆ. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಹೆಬ್ಬೆರಳು ಜೋಮು ಹಿಡಿಯಿತು, ಅದು ನನಗೆ ಹೊಸದಾಗಿ ಕಾಣಲಿಲ್ಲ. ಮೊಳಕೆ ಬಂದಾಗ ಹೊಲ ಬಾಚಿದ ತಲೆಯ ಹಾಗೆ ಇತ್ತು, ನಡುನಡುವೆ ಎರಡೆರಡು ಬೈತಲೆ.

ಮಳೆ ಹಿಡಿದ ಮೇಲೆ ಟ್ರಾಕ್ಟರಿನ ಹಿಂದೆ ಎಡೆಕುಂಟೆ ಕಟ್ಟಿ ಕಳೆ ತೆಗೆದರು. ನಮ್ಮ ಮನೆಯವರು ಗಾಲಿಗಳನ್ನು ಅಚ್ಚಿನ ಮೇಲೆ ಆ ಕಡೆ ಈ ಕಡೆ ಸರಿಸಿ, ಎರಡು ಬೈತಲೆಗೂ ಸರಿಹೊಂದಿಸಿಕೊಂಡಿದ್ದರು. ಒಂದು ಸಸಿಯೂ ಮಲಗಲಿಲ್ಲ. ಅತ್ತೆ ಬದುವಿನ ಮೇಲೆ ನಿಂತು, ಊರಿಗೆಲ್ಲ ಕೇಳಿಸುವ ಹಾಗೆ, "ಆಡಿನ ಕಾಲು ಆದ್ರೂ ಚಲೋ ನಡೀತತಿ!" ಎಂದರು. ಒಂದು ಕಡೆ ಜೌಗಿನಲ್ಲಿ ಮಾತ್ರ ಗಾಲಿ ಜಾರಿತು. ನಿಂತಲ್ಲೇ ಗಿರ್ರನೆ ತಿರುಗಿ, ಕೆಸರು ಆಳೆತ್ತರ ಹಾರಿ, ಅಡಿಯಲ್ಲಿ ತೊಟ್ಟಿಲಿನಷ್ಟು ಗುಂಡಿ ತೋಡಿಕೊಂಡು ಕೂತುಬಿಟ್ಟಿತು. ಅಲ್ಲಿಯ ಮಣ್ಣೆಲ್ಲ ನುಣ್ಣಗೆ ಸವರಿದ ಹಾಗಾಗಿತ್ತು. ಎತ್ತು ಕಟ್ಟಿ ಎಳೆಸಿದರು. ಟೈರು ಜಾರುವುದು ಎಂದರೆ ಹೇಗೆ ಎಂದು ನಾನು ನೋಡಿದ್ದು ಆವತ್ತು.

ಅದನ್ನು ನೋಡಿ ದೊಡ್ಡಮಾವನಿಗೆ ಹುರುಪು ಬಂತು. ತಿಂಗಳು ಕಳೆದು ಮಳೆ ನಿಂತು ಹೊಳವಾದಾಗ, ಮಾತು ಬಿಟ್ಟವರು ತಾವೇ ಮಾತಾಡಿದರು. "ಸಾಲಿನ ಕೆಲಸ ಆತಲ್ಲ? ಈಗ ಬೀಳು ಹೊಡಿ. ನೆಲ ಮೆತ್ತಗೈತಿ, ಹುರುಳಿಯಾದ್ರೂ ಬಿತ್ತೋಣ. ಟೈರಿಗೆ ನೀರು ತುಂಬಿದ್ರ ಭಾರ ಆಗ್ತತಿ, ಸಣ್ಣದಾದ್ರೂ ಹಿಡೀತತಿ ಅಂತ ಆ ಡ್ರೈವರು ಅಂದಿದ್ದ. ತುಂಬಸು."

ನಮ್ಮ ಮನೆಯವರು "ಹೂಂ" ಎಂದರು. ಇನ್ನೇನು ಹೇಳುತ್ತಾರೆ? ಕಾರಣ ಹೇಳಬೇಕೆಂದರೆ ಮೂಲೆಯ ಹೆಸರು ಎತ್ತಬೇಕು. ಅದನ್ನು ಎತ್ತುವ ಪದ್ಧತಿಯೇ ಇಲ್ಲ.

ಟೈರಿಗೆ ನೀರು ಕುಡಿಸಲು ಬಾವಿಯಿಂದ ನೀರು ಹೊತ್ತವರು ಮನೆಯ ಹೆಂಗಸರು. ಎಂದರೆ ಅತ್ತೆ ಮತ್ತು ನಾನು. ಕಟ್ಟೆಯ ಮೇಲೆ ಹಂಡೆ ಇಟ್ಟು, ರಬ್ಬರಿನ ಕೊಳವೆಯಿಂದ ಗಾಲಿಯೊಳಗೆ ಇಳಿಸುತ್ತಿದ್ದರು. ಪಕ್ಕದ ಮನೆಯ ಹನುಮಂತ ಬಂದು ಸೊಂಟಕ್ಕೆ ಕೈಯಿಟ್ಟು, "ನಾವು ಎತ್ತಿಗೆ ಬಾಯಾಗ ಕುಡಿಸ್ತೀವಿ. ನೀವು ಕಾಲಾಗ ಕುಡಿಸ್ತೀರೇನ್ರೀ?" ಎಂದ. ಎಲ್ಲರೂ ನಕ್ಕರು. ನಾನು ಮತ್ತೊಂದು ಕೊಡ ತರಲು ಹೋದೆ. ನನ್ನ ಮಗುವಿನ ಮೇಲೆ ಹರಿಯುವ ಗಾಲಿಗೆ ನಾನೇ ನೀರು ಹೊರುತ್ತಿದ್ದೇನೆ ಎಂದು ತಿಳಿದಿತ್ತು. ಕೊಡ ಸೊಂಟಕ್ಕೆ ತಣ್ಣಗೆ ಹತ್ತುತ್ತಿತ್ತು, ಅಷ್ಟೇ.

ಮರುದಿನ ಮೋಡ ಮುಚ್ಚಿತ್ತು, ಮಳೆ ಇರಲಿಲ್ಲ. ಅರ್ಧ ಊರು ಬೀಳಿನ ಬದುವಿನ ಮೇಲೆ ಬಂದು ಕೂತಿತು. ನಾನು ಬುತ್ತಿ ಹೊತ್ತು ಅತ್ತೆಯ ಹಿಂದೆ ಹೋದೆ. ಲಕ್ಕಿ ಗಿಡದ ಹತ್ತಿರ ನಿಂತೆ. ಅಲ್ಲಿಯೇ ನಿಲ್ಲಬೇಕೆಂದು ನಿಂತದ್ದಲ್ಲ, ಕಾಲು ಅಲ್ಲಿ ನಿಂತಿತು. ಗಿಡದ ಬುಡದಲ್ಲಿ ಗರಿಕೆ ಆಗಲೇ ಮುಚ್ಚಿಕೊಂಡಿತ್ತು.

ಟ್ರಾಕ್ಟರು ಆ ತುದಿಯಿಂದ ಶುರುವಾಯಿತು. ಎಲ್ಲರೂ ಜಾರುತ್ತದೆ ಎಂದುಕೊಂಡಿದ್ದರು. ಜಾರಲಿಲ್ಲ. ನೀರು ಕುಡಿದ ಗಾಲಿ ನೆಲವನ್ನು ಕಚ್ಚಿ ಕಚ್ಚಿ ಬಂತು. ನೇಗಿಲಿನ ಹಿಂದೆ ಕೆಂಪು ಹೆಂಟೆಗಳು ಮಗುಚಿ ಬೀಳುತ್ತಿದ್ದವು, ಗರಿಕೆ ಬೇರು ಹರಿಯುವ ಸದ್ದು ಇಂಜಿನ್ನಿನ ಸದ್ದಿನ ಒಳಗೂ ಕೇಳುತ್ತಿತ್ತು. ದೊಡ್ಡಮಾವನ ಮುಖ ಅರಳಿತು. ಒಂದು ಸಾಲು, ಇನ್ನೊಂದು ಸಾಲು. ಪ್ರತಿ ಸಲವೂ ಗಿಡದ ಹತ್ತಿರ, ಹತ್ತಿರ. ನಾನು ಬುತ್ತಿ ತಲೆಯಿಂದ ಇಳಿಸಿರಲಿಲ್ಲ.

ಕೊನೆಗೆ ನೇರ ನನ್ನ ಕಡೆಗೇ ಬಂತು. ನಮ್ಮ ಮನೆಯವರ ಮುಖ ಕಾಣುವಷ್ಟು ಹತ್ತಿರ. ಅವರು ನನ್ನನ್ನು ನೋಡುತ್ತಿರಲಿಲ್ಲ, ಗಿಡದ ಬುಡ ನೋಡುತ್ತಿದ್ದರು. ಒಂದು ಮಾರು ಇರುವಾಗ ಟ್ರಾಕ್ಟರು ನಿಂತಿತು.

"ಯಾಕೋ? ಯಾಕ ನಿಲ್ಲಿಸ್ದಿ?" ದೊಡ್ಡಮಾವ ಬದುವಿನಿಂದ ಕೂಗಿದರು.

"ಟೈರು ಹಿಡೀವಲ್ದು ದೊಡ್ಡಪ್ಪ. ಜಾರಾಕತ್ತೈತಿ."

"ಇಲ್ಲೀತನಕ ಹಿಡಿದಿದ್ದು ಈಗೇನು ಬಂತು ಅದಕ್ಕ?"

"ಹಿಡೀವಲ್ದು." ಅಷ್ಟೇ ಹೇಳಿದರು. ಬದುವಿನ ಮೇಲೆ ನಗೆ ಎದ್ದಿತು. ಹನುಮಂತ, "ಹೆಂಡತಿ ಕರಕೊಂಡು ಹೋಗಿ ಟೈರು ಆರಿಸಿದ್ರ ಇನ್ನೇನಾಗ್ತತಿ? ಬಳಿ ಅಳತಿ ನೋಡಿ ತಂದಾನ!" ಎಂದ. ನಮ್ಮ ಮನೆಯವರು ತಲೆ ಎತ್ತಲಿಲ್ಲ.

ನಾನು ಗಾಲಿಯ ಕೆಳಗೆ ನೋಡಿದೆ. ಕೆಸರು ಹಾರಿರಲಿಲ್ಲ. ಗುಂಡಿ ಬಿದ್ದಿರಲಿಲ್ಲ. ಟೈರಿನ ಹಲ್ಲುಗಳ ಗುರುತು ಒಂದರ ಮುಂದೊಂದು, ಅಚ್ಚಿನಲ್ಲಿ ಒತ್ತಿದ ಹಾಗೆ, ಸ್ಪಷ್ಟವಾಗಿ ಮೂಡಿ ಬಂದು ನಿಂತಿತ್ತು.

ದೊಡ್ಡಮಾವ ಬೆತ್ತ ಊರುತ್ತ ಹೆಂಟೆಗಳ ಮೇಲೆ ಬಂದರು. ಬೈಯಲೆಂದೇ ಬಂದದ್ದು. ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು. ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದರು, ಒಂದು, ಇನ್ನೊಂದು. ಎತ್ತನ್ನು ಮುಟ್ಟಿ ನೋಡಿಯೇ ರೋಗ ಹೇಳುವ ಮನುಷ್ಯ, ಅವರಿಗೆ ತಿಳಿಯದ್ದೇನಿತ್ತು? ಆಮೇಲೆ ಅವರ ಕಣ್ಣು ಗಾಲಿಯ ಮುಂದಿನ ಆ ಒಂದು ಮಾರು ಗರಿಕೆಯ ಮೇಲೆ ಹೋಯಿತು, ಗಿಡದ ಮೇಲೆ, ಬುತ್ತಿ ಹೊತ್ತು ನಿಂತ ನನ್ನ ಮೇಲೆ. ಇಂಜಿನ್ನು ಮಾತ್ರ ಬಡಿದುಕೊಳ್ಳುತ್ತಿತ್ತು.

ಎದ್ದರು. ಎದ್ದು, ಕಾಲಿನಿಂದ ಆ ಗುರುತುಗಳನ್ನೆಲ್ಲ ಕೆದರಿ ಅಳಿಸಿದರು. ಗಾಲಿ ಜಾರಿ ಮಣ್ಣು ಕಲಸಿದ ಹಾಗೆ ಕಾಣುವಷ್ಟು ಅಳಿಸಿದರು.

ನನ್ನ ತಲೆಯ ಮೇಲಿನ ಬುತ್ತಿ ಕೆಳಗೆ ಬಿತ್ತು. ಏನೋ ಒಂದು ಸದ್ದು ಶುರುವಾಯಿತು. ಟ್ರಾಕ್ಟರಿನದೇ ಎಂದುಕೊಂಡೆ, ಆದರೆ ನಮ್ಮ ಮನೆಯವರು ಇಂಜಿನ್ನು ಆರಿಸಿದ ಮೇಲೂ ಅದು ನಿಲ್ಲಲಿಲ್ಲ. ಮಂಡಿಯೂರಿ ಗರಿಕೆಯ ಮೇಲೆ ಕೂತಿದ್ದೆ, ಎರಡೂ ಮುಷ್ಟಿಯಲ್ಲಿ ಹುಲ್ಲಿತ್ತು. ಜನ ಬದುವಿನಿಂದ ಇಳಿದು ಓಡಿ ಬರುತ್ತಿದ್ದರು. "ಏನಾತ್ರೀ? ಏನಾತ್ ಅಕಿಗೆ?" ಅತ್ತೆ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು, "ಅಳ್ಲಿ ಬಿಡ್ರಿ, ಅಳ್ಲಿ" ಎನ್ನುತ್ತಿದ್ದರು.

ದೊಡ್ಡಮಾವ ಎರಡು ಕೈ ಅಗಲಿಸಿ, ದನ ತಿರುಗಿಸುವ ಹಾಗೆ, ಬಂದವರನ್ನೆಲ್ಲ ತಿರುಗಿಸಿದರು. "ನಡೀರಿ, ನಡೀರಿ. ನಾನೇ ನೋಡೀನಿ, ಹಿಡೀವಲ್ದು. ಟೈರು ಹಿಡೀವಲ್ದು ಅಂದ ಮ್ಯಾಲೆ ಇಲ್ಲೇನು ನೋಡ್ತೀರಿ?"